ಮುಚ್ಚಿದ ಪೆಟ್ಟಿಗೆ, ಬೆಳೆಯುವ ಭಾಷೆ

ಕಾಲೇಜಿನ ಗಣಕ ಕೊಠಡಿಯಲ್ಲಿ ಸರಿಯಾಗಿ ನಡೆದ ಪ್ರೋಗ್ರಾಮು ಮನೆಯ ಗಣಕದಲ್ಲಿ ನಡೆಯಲೊಲ್ಲದೆ ಮೊಂಡುಹಿಡಿದುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಬರೆದ ಅಕ್ಷರ ಒಂದೂ ಬದಲಾಗಿಲ್ಲ. ಅಲ್ಪವಿರಾಮವೂ ಆಚೀಚೆ ಸರಿದಿಲ್ಲ. ಆದರೂ ಅಲ್ಲಿ ಉತ್ತರ ಕೊಟ್ಟದ್ದು ಇಲ್ಲಿ ತಪ್ಪೆಂದು ಗೊಣಗುತ್ತದೆ. ವಿದ್ಯಾರ್ಥಿಯು ತನ್ನ ಬರವಣಿಗೆಯನ್ನೇ ಮೇಲಿನಿಂದ ಕೆಳಕ್ಕೆ ಹತ್ತು ಸಲ ಓದಿ, ಕೊನೆಗೆ ದೋಷವು ತನ್ನದಲ್ಲವೆಂದು ಕಂಡುಕೊಳ್ಳುತ್ತಾನೆ. ಕಾಲೇಜಿನಲ್ಲಿದ್ದುದು ಪೈಥಾನ್ ಭಾಷೆಯ ಒಂದು ಆವೃತ್ತಿ, ಮನೆಯಲ್ಲಿರುವುದು ಇನ್ನೊಂದು. ಎರಡಕ್ಕೂ ಹೆಸರು ಒಂದೇ; ನಡತೆ ಮಾತ್ರ ಬೇರೆ.

ಒಬ್ಬ ವಿದ್ಯಾರ್ಥಿಗೆ ಇದು ಒಂದು ಸಂಜೆಯ ಬೇಸರ. ಆದರೆ ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟು, ಆಸ್ಪತ್ರೆಯ ದಾಖಲೆ ಮುಂತಾದುವನ್ನು ನೋಡಿಕೊಳ್ಳುವ ಪ್ರೋಗ್ರಾಮುಗಳು ನೂರಾರು ಗಣಕಗಳಲ್ಲಿ ಏಕಕಾಲಕ್ಕೆ ನಡೆಯಬೇಕಾದಾಗ ಇದೇ ತೊಂದರೆ ಭಾರಿಯಾಗುತ್ತದೆ. ಇದನ್ನು ನಿವಾರಿಸಲು ತಂತ್ರಜ್ಞರು 'ಕಂಟೇನರು' ಎಂಬ ಉಪಾಯವನ್ನು ಬಳಕೆಗೆ ತಂದರು. ಉಪಾಯವು ಬಹಳ ಚೆನ್ನಾಗಿ ಫಲಿಸಿತು. ಆದರೆ ಫಲಿಸಿದ ಉಪಾಯವು ತನ್ನದೇ ಆದ ಒಂದು ತೊಡಕನ್ನು ಹೆತ್ತಿತು. ಪೆಟ್ಟಿಗೆಯನ್ನು ಮುಚ್ಚಿ ಇಟ್ಟಾಯಿತು. ಹೊರಗೆ ಭಾಷೆಗಳು ಬೆಳೆಯುತ್ತಲೇ ಇವೆ. ಹೊಸ ಆವೃತ್ತಿಯನ್ನು ಪೆಟ್ಟಿಗೆಯೊಳಗೆ ಸೇರಿಸುವುದು ಹೇಗೆ? ಸೇರಿಸದೆ ಬಿಟ್ಟರೆ ಏನಾಗುತ್ತದೆ? ಈ ಲೇಖನದಲ್ಲಿ ಅದನ್ನು ವಿಚಾರ ಮಾಡೋಣ.

ಗಣಕಕ್ಕೆ ತಿಳಿಯುವುದು ತನ್ನ ಪ್ರೊಸೆಸರಿನ ಆದೇಶಗಳು ಮಾತ್ರ. ಪೈಥಾನಿನಲ್ಲಿ ನಾವು ಬರೆಯುವುದು ಗಣಕದ ಪಾಲಿಗೆ ಬರಿಯ ಅಕ್ಷರಮಾಲೆ. ಅದನ್ನು ಓದಿ, ಅರ್ಥಮಾಡಿಕೊಂಡು, ಹೇಳಿದ ಕೆಲಸವನ್ನು ಮಾಡಿಸಲು ಇನ್ನೊಂದು ಪ್ರೋಗ್ರಾಮು ಬೇಕು. ಈ ಎರಡನೆಯ ಪ್ರೋಗ್ರಾಮಿಗೂ ಅದರೊಡನೆ ಬರುವ ಸಾಮಗ್ರಿಗೂ ಒಟ್ಟಿನಲ್ಲಿ 'ರನ್‌ಟೈಮ್' ಎಂದು ಹೆಸರು. ಜಾವಾ ಭಾಷೆಗೆ ಅದರದೇ ಆದ ರನ್‌ಟೈಮ್ ಉಂಟು. ಜಾವಾಸ್ಕ್ರಿಪ್ಟಿಗೆ ಸಾಮಾನ್ಯವಾಗಿ 'ನೋಡ್' ಎಂಬುದನ್ನು ಬಳಸುತ್ತಾರೆ (ಕನ್ನಡದ 'ನೋಡು' ಎಂಬ ಮಾತಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ). ರನ್‌ಟೈಮ್ ಕೂಡ ಸ್ವತಂತ್ರವಲ್ಲ. ಕಡತ ತೆರೆಯಬೇಕು, ಸ್ಮೃತಿಯಲ್ಲಿ ಜಾಗ ಬೇಕು, ಜಾಲಕ್ಕೆ ಮಾತು ಕಳುಹಿಸಬೇಕು ಎಂದಾಗಲೆಲ್ಲ ಅದು 'ಸಿ ಲೈಬ್ರರಿ' ಎಂಬ ಭಂಡಾರವನ್ನು ಕೇಳಿಕೊಳ್ಳುತ್ತದೆ. ಆ ಲೈಬ್ರರಿಯು ಗಣಕದ ಯಜಮಾನನಾದ ಕರ್ನೆಲನ್ನು ಕೇಳಿಕೊಳ್ಳುತ್ತದೆ. ಹೀಗೆ ಮೇಲಿನಿಂದ ಕೆಳಕ್ಕೆ ಒಂದರ ಹೆಗಲ ಮೇಲೊಂದು ನಿಂತಿರುವ ಸಾಲಿನಲ್ಲಿ ಎಲ್ಲಿ ಒಬ್ಬನು ಅಲುಗಿದರೂ ಮೇಲಿನವರು ಬೀಳುವ ಸಂಭವವುಂಟು.

ಹಿಂದೆ ನಮ್ಮ ಊರುಗಳಿಗೆ ನಾಟಕದ ಕಂಪನಿಗಳು ಬರುತ್ತಿದ್ದುವು. ಅವು ಊರವರಿಂದ ಹೆಚ್ಚೇನನ್ನೂ ಬೇಡುತ್ತಿರಲಿಲ್ಲ. ಪರದೆ, ಪೋಷಾಕು, ಕಿರೀಟ, ಕತ್ತಿ, ಹಾರ್ಮೋನಿಯಂ, ಅಡುಗೆಯ ಪಾತ್ರೆ ಎಲ್ಲವೂ ಪೆಟ್ಟಿಗೆಗಳಲ್ಲಿ ತುಂಬಿ ಬರುತ್ತಿದ್ದುವು. ದಾವಣಗೆರೆಯಲ್ಲಿ ಆಡಿದ ನಾಟಕವನ್ನೇ ಹುಬ್ಬಳ್ಳಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಆಡಬಹುದಾಗಿತ್ತು. ಊರಿನಿಂದ ಪಡೆಯುತ್ತಿದ್ದುದು ಮುಖ್ಯವಾಗಿ ಒಂದೇ: ನಿಲ್ಲಲು ನೆಲ. ಕಂಟೇನರಿನ ತತ್ತ್ವವೂ ಇದೇ. ಪ್ರೋಗ್ರಾಮು ನಾಟಕದ ಹಸ್ತಪ್ರತಿಯಾದರೆ ರನ್‌ಟೈಮ್ ನಟವರ್ಗ. ಲೈಬ್ರರಿಗಳು ಪರದೆ, ಪೋಷಾಕು. ಇವೆಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಮುಚ್ಚಿದರೆ ಅದು 'ಇಮೇಜು'. ಆ ಪೆಟ್ಟಿಗೆಯನ್ನು ಬಿಚ್ಚಿ ಆಟ ನಡೆಸಿದಾಗ ಅದು ಕಂಟೇನರು. ನೆಲ ಮಾತ್ರ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಕರ್ನೆಲು ಆಯಾ ಗಣಕದ್ದೇ. ಒಂದು ಗಣಕದಲ್ಲಿ ಎಷ್ಟು ಕಂಟೇನರುಗಳಿದ್ದರೂ ಅವೆಲ್ಲಕ್ಕೂ ಸೇರಿ ಒಂದೇ ಕರ್ನೆಲು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದಲೇ ಒಂದು ಕುತೂಹಲಕರವಾದ ಪ್ರಕರಣ ಹುಟ್ಟುತ್ತದೆ.

ಈ ತತ್ತ್ವದ ಬೀಜ ಹಳೆಯದು. ಒಂದು ಪ್ರೋಗ್ರಾಮಿನ ಕಣ್ಣಿಗೆ ಇಡೀ ಗಣಕದ ಬದಲು ಒಂದು ಮೂಲೆಯನ್ನಷ್ಟೇ ತೋರಿಸುವ ಏರ್ಪಾಡು 1979ರ ಯೂನಿಕ್ಸಿನಲ್ಲೇ ಇದ್ದಿತು. ಪ್ರೋಗ್ರಾಮುಗಳ ಗುಂಪಿಗೆ ಇಷ್ಟೇ ಸ್ಮೃತಿ, ಇಷ್ಟೇ ಪ್ರೊಸೆಸರು ಎಂದು ಪಡಿ ಅಳೆಯುವ 'ಸಿಗ್ರೂಪ್' ಎಂಬ ವ್ಯವಸ್ಥೆಯನ್ನು ಗೂಗಲ್ ಸಂಸ್ಥೆಯ ಇಂಜಿನಿಯರುಗಳು 2006ರಲ್ಲಿ ಆರಂಭಿಸಿದರು. 2008ರಲ್ಲಿ ಅದು ಲಿನಕ್ಸ್ ಕರ್ನೆಲನ್ನು ಸೇರಿತು. ಇವನ್ನೆಲ್ಲ ಒಟ್ಟುಗೂಡಿಸಿ, ಸಾಮಾನ್ಯ ತಂತ್ರಜ್ಞನೂ ಬಳಸಬಹುದಾದ 'ಡಾಕರ್' ಎಂಬ ಸಲಕರಣೆಯನ್ನು ಸಾಲೊಮನ್ ಹೈಕ್ಸ್ ಎಂಬುವರು 2013ರ ಮಾರ್ಚಿನಲ್ಲಿ ಅಮೆರಿಕದ ಸಾಂಟಾ ಕ್ಲಾರಾದಲ್ಲಿ ನಡೆದ ಪೈಥಾನ್ ಸಮ್ಮೇಳನದಲ್ಲಿ ತೋರಿಸಿದರು. ಅವರಿಗೆ ದೊರೆತಿದ್ದ ಕಾಲಾವಕಾಶ ಐದೇ ನಿಮಿಷ.

ಭಾಷೆಗೂ ಆಯುಸ್ಸು

ಇನ್ನು ಪೆಟ್ಟಿಗೆಯ ಹೊರಗಿನ ಲೋಕವನ್ನು ನೋಡೋಣ. ಡಚ್ ತಜ್ಞ ಗೀಡೊ ವಾನ್ ರೋಸಮ್ ಪೈಥಾನಿನ ಮೊದಲ ಆವೃತ್ತಿಯನ್ನು 1991ರಲ್ಲಿ ಹೊರತಂದರು. 2008ರ ಡಿಸೆಂಬರಿನಲ್ಲಿ ಬಂದ ಮೂರನೆಯ ಪೈಥಾನು ಎರಡನೆಯದರೊಡನೆ ಹೊಂದಿಕೊಳ್ಳಲಿಲ್ಲ. ಒಂದೇ ಉದಾಹರಣೆ ಸಾಕು. 7ನ್ನು 2ರಿಂದ ಭಾಗಿಸು ಎಂದು ಹೇಳಿದರೆ ಹಳೆಯ ಪೈಥಾನು 3 ಎಂದೂ ಹೊಸದು 3.5 ಎಂದೂ ಉತ್ತರಿಸುತ್ತದೆ. ಎರಡೂ ಆವೃತ್ತಿಗಳು ಯಾವ ದೂರನ್ನೂ ಹೇಳುವುದಿಲ್ಲ. ಉತ್ತರ ಮಾತ್ರ ಬೇರೆ. ಕಿರಿಚಿಕೊಂಡು ನಿಲ್ಲುವ ಪ್ರೋಗ್ರಾಮಿಗಿಂತ ಸದ್ದಿಲ್ಲದೆ ಬೇರೆ ಲೆಕ್ಕ ಕೊಡುವ ಪ್ರೋಗ್ರಾಮು ಹೆಚ್ಚು ಅಪಾಯಕಾರಿ ಎಂಬುದು ನಮ್ಮ ಅಭಿಪ್ರಾಯ. ಇಂಥ ಬದಲಾವಣೆಗಳ ಭಯದಿಂದಲೇ ಜಗತ್ತು ಹಳೆಯದಕ್ಕೆ ಅಂಟಿಕೊಂಡಿತು. 2015ಕ್ಕೆಂದು ಗೊತ್ತುಮಾಡಿದ್ದ ಪೈಥಾನ್ 2ರ ಅಂತ್ಯವನ್ನು 2020ರ ಜನವರಿ 1ಕ್ಕೆ ಮುಂದೂಡಬೇಕಾಯಿತು. ಅದರ ಕಟ್ಟಕಡೆಯ ಬಿಡುಗಡೆಯಾದ 2.7.18 ಅದೇ ವರ್ಷದ ಏಪ್ರಿಲಿನಲ್ಲಿ ಹೊರಬಂದಿತು.

ಆ ಅನುಭವದಿಂದ ಪೈಥಾನಿನವರು ಒಂದು ಪಾಠ ಕಲಿತರು. ಹನ್ನೆರಡು ವರ್ಷಕ್ಕೊಮ್ಮೆ ದೊಡ್ಡ ಪೆಟ್ಟು ಕೊಡುವುದಕ್ಕಿಂತ ವರ್ಷಕ್ಕೊಂದು ಸಣ್ಣ ಹೆಜ್ಜೆ ಇಡುವುದೇ ಲೇಸು. 2020ರ ಅಕ್ಟೋಬರಿನಲ್ಲಿ ಬಂದ 3.9ರಿಂದ ಆರಂಭಿಸಿ ಪ್ರತಿವರ್ಷ ಅಕ್ಟೋಬರಿನಲ್ಲಿ ಒಂದು ಹೊಸ ಆವೃತ್ತಿ ಬರುವ ಪದ್ಧತಿ ಏರ್ಪಟ್ಟಿತು. ಪ್ರತಿ ಆವೃತ್ತಿಯ ಆಯುಸ್ಸು ಸುಮಾರು ಐದು ವರ್ಷ. ಮೊದಲ ಕೆಲವು ಕಾಲ ಎಲ್ಲ ಬಗೆಯ ದೋಷಗಳನ್ನೂ ತಿದ್ದುತ್ತಾರೆ; ಆಮೇಲೆ ಭದ್ರತೆಗೆ ಸಂಬಂಧಿಸಿದವನ್ನು ಮಾತ್ರ; ಐದು ವರ್ಷ ತುಂಬಿದ ಮೇಲೆ ಏನನ್ನೂ ಇಲ್ಲ. ಈ ಲೆಕ್ಕದಂತೆ 3.8ರ ಕಾಲ 2024ರ ಅಕ್ಟೋಬರಿಗೆ ಮುಗಿಯಿತು, 3.9ರದು 2025ರ ಅಕ್ಟೋಬರಿಗೆ.

ಆಯುಸ್ಸು ಮುಗಿದ ಆವೃತ್ತಿ ಮರುದಿನವೇ ನಿಂತುಹೋಗುವುದಿಲ್ಲ. ಅದು ಎಂದಿನಂತೆ ನಡೆಯುತ್ತದೆ, ಅಪಾಯವಿರುವುದೇ ಅಲ್ಲಿ. ಹೊಸ ಆವೃತ್ತಿಯಲ್ಲಿ ಒಂದು ದೋಷ ಕಂಡುಬಂದು ಅದನ್ನು ತಿದ್ದಿದರೆ, ಆ ತಿದ್ದುಪಡಿ ಎಲ್ಲರ ಕಣ್ಣಿಗೂ ಕಾಣುವಂತೆ ಪ್ರಕಟವಾಗುತ್ತದೆ. ಕನ್ನ ಹಾಕುವವನೂ ಅದನ್ನು ಓದುತ್ತಾನೆ. ಅದೇ ದೋಷವು ಹಳೆಯದರಲ್ಲಿಯೂ ಇರಬಹುದೆಂದು ಊಹಿಸಲು ಹೆಚ್ಚು ಬುದ್ಧಿ ಬೇಡ. ಅಲ್ಲಿ ಅದನ್ನು ತಿದ್ದುವವರು ಯಾರೂ ಉಳಿದಿಲ್ಲವೆಂಬುದು ಅವನಿಗೆ ಚೆನ್ನಾಗಿ ಗೊತ್ತು.

ಕಂಟೇನರು ಈ ಅಪಾಯವನ್ನು ಒಂದು ರೀತಿಯಲ್ಲಿ ಹೆಚ್ಚಿಸಿತೆಂದೇ ಹೇಳಬೇಕು. 2014ರ ಏಪ್ರಿಲಿನಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೋಷವು 'ಓಪನ್‌ಎಸ್‌ಎಸ್‌ಎಲ್' ಎಂಬ ಗುಪ್ತಲಿಪಿಯ ಲೈಬ್ರರಿಯಲ್ಲಿ ಬಯಲಾಯಿತು. ಆಗ ಬಹುಪಾಲು ಗಣಕಗಳಲ್ಲಿ ಆ ಲೈಬ್ರರಿಯ ಒಂದು ಪ್ರತಿಯನ್ನು ಎಲ್ಲ ಪ್ರೋಗ್ರಾಮುಗಳೂ ಹಂಚಿಕೊಂಡು ಬಳಸುತ್ತಿದ್ದುವು. ಆ ಒಂದು ಪ್ರತಿಯನ್ನು ಬದಲಿಸಿ ಪ್ರೋಗ್ರಾಮುಗಳನ್ನು ಮತ್ತೆ ಆರಂಭಿಸಿದರೆ ಅವುಗಳಿಗೆಲ್ಲ ಚಿಕಿತ್ಸೆಯಾದಂತೆಯೆ. ಪೆಟ್ಟಿಗೆಗಳ ಪದ್ಧತಿಯಲ್ಲಿ ಹಾಗಲ್ಲ. ಒಂದೊಂದು ಇಮೇಜಿನೊಳಗೂ ಒಂದೊಂದು ಪ್ರತಿ. ಗಣಕದ ಮೇಲ್ವಿಚಾರಕನು ಹೊರಗಿನಿಂದ ಎಷ್ಟು ಎಚ್ಚರವಹಿಸಿದರೂ ಒಳಗಿನ ಹಳೆಯ ಪ್ರತಿ ಹಾಗೆಯೇ ಉಳಿಯುತ್ತದೆ. ಅದನ್ನು ಕಟ್ಟಿದವರೇ ಮತ್ತೆ ಕಟ್ಟಬೇಕು. ಎಂದೋ ಕಟ್ಟಿ, ಕಟ್ಟಿದವನು ಕೆಲಸ ಬಿಟ್ಟುಹೋದ ಇಮೇಜುಗಳ ಗತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು.

ಒಂದು ಅಂಕಿಯ ತಿದ್ದುಪಡಿ

ಇಮೇಜು ಕಟ್ಟುವ ವಿಧಾನ ಅಡುಗೆಯ ಕ್ರಮದಂತೆ ಒಂದು ಕಡತದಲ್ಲಿ ಬರೆದಿರುತ್ತದೆ. ಮೊದಲ ಸಾಲಿನಲ್ಲಿ, ಯಾವ ಸಿದ್ಧ ಇಮೇಜಿನ ಮೇಲೆ ಕಟ್ಟಬೇಕೆಂಬುದು: ಉದಾಹರಣೆಗೆ, 'ಪೈಥಾನ್ 3.11'. ಮುಂದಿನ ಸಾಲುಗಳಲ್ಲಿ ಬೇಕಾದ ಲೈಬ್ರರಿಗಳು. ಕೊನೆಯಲ್ಲಿ ನಮ್ಮ ಪ್ರೋಗ್ರಾಮು. ಕಡತಗಳನ್ನು ಬದಲಿಸುವ ಒಂದೊಂದು ಸಾಲಿಗೂ ಒಂದೊಂದು ಪದರ ಹುಟ್ಟಿ, ಮಸಾಲೆದೋಸೆಯ ಅಂಗಡಿಯಲ್ಲಿ ದೋಸೆಗಳನ್ನು ಪೇರಿಸಿದಂತೆ, ಒಂದರ ಮೇಲೊಂದು ಕುಳಿತುಕೊಳ್ಳುತ್ತದೆ. ಪ್ರತಿ ಪದರಕ್ಕೂ ಅದರ ಒಳಗಿನ ವಸ್ತುವಿನಿಂದಲೇ ಲೆಕ್ಕಹಾಕಿದ 64 ಚಿಹ್ನೆಗಳ ಒಂದು ಗುರುತು ಉಂಟು. ಒಳಗೆ ಒಂದು ಅಕ್ಷರ ಬದಲಾದರೂ ಗುರುತು ಪೂರ್ತಿಯಾಗಿ ಬದಲಾಗುತ್ತದೆ. ಆದುದರಿಂದ ಹತ್ತು ಇಮೇಜುಗಳು ಒಂದೇ ತಳಪದರವನ್ನು ಹೊಂದಿದ್ದರೆ ಗಣಕವು ಅದನ್ನು ಒಂದೇ ಸಲ ತಂದಿಟ್ಟುಕೊಂಡರೆ ಸಾಕು. ತಳವನ್ನೇ ಬದಲಿಸಿದರೆ ಮಾತ್ರ ಅದರ ಮೇಲಿನ ಪದರಗಳನ್ನೆಲ್ಲ ಮೊದಲಿನಿಂದ ಕಟ್ಟಬೇಕು.

ಹಾಗಾದರೆ ಹೊಸ ಆವೃತ್ತಿಗೆ ಹೋಗಲು ಮೊದಲ ಸಾಲಿನ 3.11ನ್ನು 3.12 ಎಂದು ತಿದ್ದಿದರೆ ಮುಗಿಯಿತಲ್ಲ? ಕಾಗದದ ಮೇಲೆ ಅಷ್ಟೇ ನಿಜ.

ಮೊದಲ ತೊಡಕು ಲೈಬ್ರರಿಗಳದು. ಪೈಥಾನಿನಲ್ಲಿ ವಿಜ್ಞಾನಿಗಳು ಬಳಸುವ 'ನಂಪೈ'ಯಂಥ ಲೈಬ್ರರಿಗಳ ವೇಗವಾದ ಭಾಗಗಳು ಪೈಥಾನಿನಲ್ಲಿ ಬರೆದುವಲ್ಲ. ಸಿ ಭಾಷೆಯಲ್ಲಿ ಬರೆದು ಯಂತ್ರದ ಆದೇಶಗಳಾಗಿ ಮೊದಲೇ ಪರಿವರ್ತಿಸಿಟ್ಟವು. ಹೀಗೆ ಪರಿವರ್ತಿಸಿದ ಪ್ರತಿ ಸಾಮಾನ್ಯವಾಗಿ ಒಂದೇ ಆವೃತ್ತಿಯ ಅಳತೆಗೆ ಹೊಲಿದ ಅಂಗಿ, 3.11ಕ್ಕೆ ಹೊಲಿದುದನ್ನು 3.12 ತೊಡುವುದಿಲ್ಲ. ಹೊಸ ಪೈಥಾನು ಬಂದ ದಿನ ಎಲ್ಲ ಲೈಬ್ರರಿಗಳೂ ಅದಕ್ಕೆ ಸಿದ್ಧವಾಗಿರುತ್ತವೆಂದು ನೆಚ್ಚುವಂತಿಲ್ಲ. ಒಂದೇ ಒಂದು ಲೈಬ್ರರಿ ಹಿಂದುಳಿದರೂ ಇಡೀ ಇಮೇಜು ಕಾಯಬೇಕು. ಇದಲ್ಲದೆ ಹೊಸ ಆವೃತ್ತಿಯು ಹಳೆಯ ಸಾಮಾನುಗಳನ್ನು ಮನೆಯಿಂದ ಹೊರಹಾಕುವುದೂ ಉಂಟು. ಲೈಬ್ರರಿಗಳನ್ನು ಕಟ್ಟಲು ದೀರ್ಘಕಾಲ ಬಳಕೆಯಲ್ಲಿದ್ದ 'ಡಿಸ್ಟ್‌ಯೂಟಿಲ್ಸ್' ಎಂಬುದನ್ನು 2023ರ ಅಕ್ಟೋಬರಿನ 3.12ರಲ್ಲಿ ತೆಗೆದುಹಾಕಿದರು, ಮರುವರ್ಷದ 3.13ರಲ್ಲಿ ಇನ್ನೂ 19 ಹಳೆಯ ಭಾಗಗಳು ಹೋದುವು. ವರ್ಷಗಳ ಮುಂಚೆಯೇ ಎಚ್ಚರಿಕೆ ಕೊಟ್ಟಿದ್ದರು. ಪ್ರೋಗ್ರಾಮಿನ ಎಚ್ಚರಿಕೆಗಳನ್ನು ಯಾರು ಓದುತ್ತಾರೆ!

ಎರಡನೆಯ ತೊಡಕು ಸಿ ಲೈಬ್ರರಿಯದು. ಲಿನಕ್ಸಿನ ಬಹುಪಾಲು ಪ್ರಭೇದಗಳಲ್ಲಿ ಇರುವುದು 'ಗ್ಲಿಬ್‌ಸಿ'. 'ಆಲ್ಪೈನ್' ಎಂಬ ಪ್ರಭೇದದಲ್ಲಿ ಇರುವುದು 'ಮಸಲ್' ಎಂಬ ಬೇರೆಯ, ಚಿಕ್ಕ ಲೈಬ್ರರಿ. ಆಲ್ಪೈನಿನ ತಳ ಇಮೇಜು ಕೆಲವೇ ಮೆಗಾಬೈಟಿನದು. ಡೆಬಿಯನ್ ಪ್ರಭೇದದ್ದು ನೂರರ ಆಸುಪಾಸಿನದು. ಚಿಕ್ಕದನ್ನು ಕಂಡು ಅನೇಕರು ಅದರತ್ತ ಓಡಿದರು. ಆದರೆ ಪೈಥಾನಿನ ಸಿದ್ಧ ಲೈಬ್ರರಿಗಳೆಲ್ಲ ಗ್ಲಿಬ್‌ಸಿಯ ಅಳತೆಗೆ ಹೊಲಿದುವು. ಮಸಲ್‌ಗೆ ಅವು ಒಪ್ಪುತ್ತಿರಲಿಲ್ಲ. ಹೀಗಾಗಿ ಒಂದೊಂದು ಲೈಬ್ರರಿಯನ್ನೂ ಮೂಲದಿಂದ ಪರಿವರ್ತಿಸಬೇಕಾಗಿ, ಅದಕ್ಕೆ ಬೇಕಾದ ಕಂಪೈಲರು ಮುಂತಾದುವನ್ನು ಪೆಟ್ಟಿಗೆಯಲ್ಲೇ ತುಂಬಿ, ಉಳಿಸಿದ ಜಾಗವನ್ನೂ ಕಳೆದುಕೊಂಡು, ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಬಹಳ ಹೊತ್ತು ಕಾಯುವಂತಾಯಿತು. ಮಸಲ್‌ಗೂ ಸಿದ್ಧ ಲೈಬ್ರರಿಗಳನ್ನು ಹೊಲಿದಿಡುವ ಕ್ರಮ ಗೊತ್ತಾದುದು 2021ರಲ್ಲಿ. ಕಂಪೈಲರನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಅಲ್ಲಿ ಸಿದ್ಧವಾದುದನ್ನಷ್ಟೇ ಇನ್ನೊಂದು ಪೆಟ್ಟಿಗೆಗೆ ಸಾಗಿಸುವ ಜಾಣ ಕ್ರಮವೂ ಈಗ ರೂಢಿಯಲ್ಲಿದೆ.

ಗ್ಲಿಬ್‌ಸಿಯಲ್ಲಿಯೂ ಆವೃತ್ತಿಗಳುಂಟು. ಹಳೆಯ ಗ್ಲಿಬ್‌ಸಿಗೆಂದು ಕಟ್ಟಿದ ಪ್ರೋಗ್ರಾಮು ಹೊಸದರ ಮೇಲೆ ನಡೆಯುವಂತೆ ಅದನ್ನು ಕಾಪಾಡಿಕೊಂಡು ಬಂದವರು ಬಹಳ ಶ್ರಮಪಡುತ್ತಾರೆ. ಆದರೆ ಹೊಸದಕ್ಕೆ ಕಟ್ಟಿದುದು ಹಳೆಯದರ ಮೇಲೆ ನಡೆಯುತ್ತದೆಂಬ ವಾಗ್ದಾನ ಇಲ್ಲ. 2022ರ ಏಪ್ರಿಲಿನಲ್ಲಿ ನೋಡ್ 18 ಬಂದಾಗ ಅದರ ಅಧಿಕೃತ ಪ್ರತಿಗೆ ಗ್ಲಿಬ್‌ಸಿ 2.28 ಬೇಕಾಗಿತ್ತು. 2014ರಿಂದ ಬಳಕೆಯಲ್ಲಿದ್ದ ಸೆಂಟ್‌ಒಎಸ್ 7ರಲ್ಲಿ ಇದ್ದುದು 2.17. ಆ ತಳದ ಮೇಲೆ ಕಟ್ಟಿದ ಇಮೇಜುಗಳಲ್ಲಿ ಹೊಸ ನೋಡ್ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಹಳೆಯ ನೋಡ್ 16ರಲ್ಲೇ ಉಳಿಯೋಣವೆಂದರೆ ಅದಕ್ಕೂ ಕಾಲ ಕೂಡಿಬರಲಿಲ್ಲ. ಅದರೊಳಗಿದ್ದ ಓಪನ್‌ಎಸ್‌ಎಸ್‌ಎಲ್ 1.1.1ರ ಆಯುಸ್ಸು 2023ರ ಸೆಪ್ಟೆಂಬರ್ 11ಕ್ಕೆ ಮುಗಿಯುತ್ತಿದ್ದುದರಿಂದ, 2024ರ ಏಪ್ರಿಲಿನವರೆಗೆ ಬಾಳಬೇಕಾಗಿದ್ದ ನೋಡ್ 16ರ ಅಂತ್ಯವನ್ನೂ ಅದೇ ದಿನಕ್ಕೆ ಹಿಂದಕ್ಕೆ ಎಳೆದರು. ರನ್‌ಟೈಮಿನ ಆಯುಸ್ಸು ಅದರ ಹೊಟ್ಟೆಯೊಳಗಿನ ಲೈಬ್ರರಿಯ ಆಯುಸ್ಸಿಗೆ ಕಟ್ಟುಬಿದ್ದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಬಾಗಿಲ ಕಾವಲುಗಾರನ ತಪ್ಪು ಮಾತು

ಈಗ ನೆಲದ ವಿಚಾರಕ್ಕೆ ಬರೋಣ. ಅಧಿಕೃತ ಪೈಥಾನ್ ಇಮೇಜುಗಳನ್ನು ಸಾಮಾನ್ಯವಾಗಿ ಡೆಬಿಯನ್ ತಳದ ಮೇಲೆ ಕಟ್ಟುತ್ತಾರೆ. ಡೆಬಿಯನ್ನಿನ ಆವೃತ್ತಿಗಳಿಗೆ 'ಟಾಯ್ ಸ್ಟೋರಿ' ಎಂಬ ಮಕ್ಕಳ ಚಲನಚಿತ್ರದ ಪಾತ್ರಗಳ ಹೆಸರಿಡುವುದು ವಾಡಿಕೆ; ಹನ್ನೊಂದನೆಯದು 'ಬುಲ್ಸ್‌ಐ', ಹನ್ನೆರಡನೆಯದು 'ಬುಕ್‌ವರ್ಮ್'. 2023ರ ಜೂನಿನಲ್ಲಿ ಬುಕ್‌ವರ್ಮ್ ಬಿಡುಗಡೆಯಾದೊಡನೆ, ಡೆಬಿಯನ್ನಿನ ಹೆಸರನ್ನು ಸ್ಪಷ್ಟವಾಗಿ ಬರೆಯದೆ 'ಪೈಥಾನ್ 3.11' ಎಂದಷ್ಟೇ ಕೇಳಿದವರಿಗೆ ಈ ಹೊಸ ತಳದ ಇಮೇಜು ದೊರೆಯತೊಡಗಿತು. ಪೈಥಾನಿನ ಅಂಕಿ ಬದಲಾಗಿರಲಿಲ್ಲ. ಕಾಲಡಿಯ ತಳ ಬದಲಾಗಿತ್ತು. ಕೆಲವು ಕಡೆ ನಿನ್ನೆಯವರೆಗೆ ಸರಿಯಾಗಿದ್ದ ಕೆಲಸ ಇಂದು 'ಹೊಸ ಎಳೆಯನ್ನು ಆರಂಭಿಸಲಾಗದು' ಎಂದು ಹೇಳಿ ನಿಂತುಬಿಟ್ಟಿತು. ಎಳೆಯೆಂದರೆ ಪ್ರೋಗ್ರಾಮಿನೊಳಗೆ ಏಕಕಾಲದಲ್ಲಿ ನಡೆಯುವ ಉಪಕೆಲಸ. ಆಂಗ್ಲರು 'ಥ್ರೆಡ್' ಎನ್ನುತ್ತಾರೆ.

ಕಾರಣವನ್ನು ಹುಡುಕಿ ಹೋದರೆ ಕಥೆ 2019ಕ್ಕೆ ಹೋಗುತ್ತದೆ. ಆ ವರ್ಷ ಲಿನಕ್ಸ್ ಕರ್ನೆಲ್ 5.3ರಲ್ಲಿ ಎಳೆಗಳನ್ನು ಹುಟ್ಟಿಸಲು 'ಕ್ಲೋನ್3' ಎಂಬ ಹೊಸ ಸೇವೆ ಸೇರಿತು. 2021ರ ಆಗಸ್ಟಿನ ಗ್ಲಿಬ್‌ಸಿ 2.34 ಅದನ್ನು ಬಳಸತೊಡಗಿತು. ಹಳೆಯ ಕರ್ನೆಲುಗಳಲ್ಲಿ ಈ ಸೇವೆ ಇರದೆಂಬುದು ಗ್ಲಿಬ್‌ಸಿಯವರಿಗೆ ಗೊತ್ತಿತ್ತು. ಆದುದರಿಂದ ಮೊದಲು ಕ್ಲೋನ್3ನ್ನು ಕೇಳಬೇಕು. 'ಅಂಥ ಸೇವೆ ನಮ್ಮಲ್ಲಿಲ್ಲ' ಎಂಬ ಉತ್ತರ ಬಂದರೆ ಹಳೆಯ ರೀತಿಯಲ್ಲಿ ಕೇಳಬೇಕು ಎಂದು ಏರ್ಪಡಿಸಿದ್ದರು. ವಿವೇಕದ ಏರ್ಪಾಡೇ ಸರಿ.

ಆದರೆ ಡಾಕರು ಕಂಟೇನರಿಗೂ ಕರ್ನೆಲಿಗೂ ನಡುವೆ ಒಬ್ಬ ಕಾವಲುಗಾರನನ್ನು ನಿಲ್ಲಿಸಿರುತ್ತದೆ. ಅವನ ಕೈಯಲ್ಲಿ ಅನುಮತಿಸಬಹುದಾದ ಸೇವೆಗಳ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಇಲ್ಲದುದನ್ನು ಅವನು ಬಿಡುವುದಿಲ್ಲ. ಡಾಕರಿನ ಹಳೆಯ ಆವೃತ್ತಿಗಳ ಪಟ್ಟಿಯಲ್ಲಿ ಕ್ಲೋನ್3 ಇರಲಿಲ್ಲ. ಹಾಗಿದ್ದಾಗ ಅವನು 'ಅಂಥ ಸೇವೆ ಇಲ್ಲ' ಎಂದಿದ್ದರೆ ಎಲ್ಲವೂ ಸುಸೂತ್ರವಾಗುತ್ತಿತ್ತು. ಅವನು ಹೇಳುತ್ತಿದ್ದುದು 'ನಿನಗೆ ಅನುಮತಿಯಿಲ್ಲ' ಎಂದು. ಕಚೇರಿಗೆ ಹೋದವನಿಗೆ ಗುಮಾಸ್ತನು 'ಈ ನಮೂನೆಯ ಅರ್ಜಿ ನಮ್ಮಲ್ಲಿಲ್ಲ' ಎಂದರೆ ಆತ ಹಳೆಯ ನಮೂನೆಯನ್ನು ಕೇಳಿ ಪಡೆಯುತ್ತಾನೆ. 'ನಿನಗೆ ಅರ್ಜಿ ಹಾಕುವ ಅಧಿಕಾರವೇ ಇಲ್ಲ' ಎಂದರೆ ಮನೆಗೆ ಹಿಂದಿರುಗುತ್ತಾನೆ. ಗ್ಲಿಬ್‌ಸಿ ಮಾಡಿದುದೂ ಅದನ್ನೇ. ಎರಡು ಉತ್ತರಗಳಿಗೂ ಕರ್ನೆಲಿನ ಭಾಷೆಯಲ್ಲಿರುವ ವ್ಯತ್ಯಾಸ ಒಂದು ಸಣ್ಣ ಸಂಖ್ಯೆ: ಅನುಮತಿಯಿಲ್ಲವೆಂಬುದು 1, ಸೇವೆಯಿಲ್ಲವೆಂಬುದು 38. 2021ರ ಅಕ್ಟೋಬರಿನ ಡಾಕರ್ 20.10.10ರಲ್ಲಿ ಇದನ್ನು ಸರಿಪಡಿಸಿದರು. ಆದರೂ 2023ರಲ್ಲಿ ಜನ ಪೇಚಿಗೆ ಸಿಕ್ಕಿದುದೇಕೆ? ಪೆಟ್ಟಿಗೆಯನ್ನು ಹೊಸದು ಮಾಡಿಕೊಂಡವರೆಲ್ಲ ಅದನ್ನಿಟ್ಟ ಗಣಕದ ಡಾಕರನ್ನೂ ಹೊಸದು ಮಾಡಿಕೊಂಡಿರಲಿಲ್ಲ. ನಾಟಕದವರು ಎಷ್ಟೇ ಸಾಮಾನು ತಂದರೂ ನೆಲವೂ ಬಾಗಿಲೂ ಊರಿನವೇ.

ಇದಕ್ಕೆ ವಿರುದ್ಧವಾದ ಪ್ರಕರಣ ಜಾವಾದ್ದು. ಅಲ್ಲಿ ಹಳೆಯದಾಗಿದ್ದುದು ಪೆಟ್ಟಿಗೆಯ ಒಳಗಿನ ರನ್‌ಟೈಮು. ಜಾವಾ ತನಗೆ ಎಷ್ಟು ಸ್ಮೃತಿ ಬೇಕೆಂಬುದನ್ನು ಗಣಕದ ಒಟ್ಟು ಸ್ಮೃತಿಯನ್ನು ನೋಡಿ ತೀರ್ಮಾನಿಸುತ್ತದೆ. ಬೇರೆ ಆಜ್ಞೆ ಇಲ್ಲದಿದ್ದರೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಪಾಲಿನವರೆಗೆ ತನ್ನ ರಾಶಿಯನ್ನು ಬೆಳೆಸುತ್ತದೆ. 64 ಗಿಗಾಬೈಟಿನ ಗಣಕದಲ್ಲಿ 2 ಗಿಗಾಬೈಟಿನ ಮಿತಿ ಹಾಕಿದ ಕಂಟೇನರನ್ನು ಊಹಿಸಿಕೊಳ್ಳಿ. ಹಳೆಯ ಜಾವಾಕ್ಕೆ ಕಂಟೇನರಿನ ಮಿತಿ ಕಾಣುತ್ತಿರಲಿಲ್ಲ. ಅದು ಹೊರಗಿನ 64ನ್ನು ಕಂಡು, ತನ್ನ ಪಾಲು 16 ಎಂದು ಲೆಕ್ಕಹಾಕಿ, ನಿಶ್ಚಿಂತೆಯಿಂದ ಬೆಳೆಯತೊಡಗುತ್ತಿತ್ತು. ಎರಡನ್ನು ದಾಟಿದ ಕೂಡಲೆ ಕರ್ನೆಲು ಅದನ್ನು ಕೊಂದುಹಾಕುತ್ತಿತ್ತು. ಪ್ರೋಗ್ರಾಮಿಗೆ ಕೊನೆಯ ಮಾತನ್ನಾಡಲೂ ಅವಕಾಶವಿಲ್ಲ. ಹಿಂದೆ ಉಳಿಯುತ್ತಿದ್ದುದು 137 ಎಂಬ ಒಂದು ಸಂಖ್ಯೆ. ಅದು 128ಕ್ಕೆ 9ನ್ನು ಕೂಡಿಸಿದುದು. 9 ಎಂಬುದು ಕೊಲ್ಲುವ ಸಂಜ್ಞೆ. ಈ 137ನ್ನು ನಡುರಾತ್ರಿಯಲ್ಲಿ ಕಂಡು ಕಾರಣ ತಿಳಿಯದೆ ತಲೆಯ ಮೇಲೆ ಕೈಹೊತ್ತು ಕುಳಿತ ತಂತ್ರಜ್ಞರು ಕಡಮೆಯಲ್ಲ.

2017ರ ಏಪ್ರಿಲಿನಲ್ಲಿ ಜಾವಾ 8ರ ಒಂದು ತಿದ್ದುಪಡಿ ಇದಕ್ಕೆ ಪ್ರಾಯೋಗಿಕವಾದ ಪರಿಹಾರ ಕೊಟ್ಟಿತು. 2018ರ ಮಾರ್ಚಿನ ಜಾವಾ 10 ಕಂಟೇನರಿನ ಮಿತಿಯನ್ನು ತಾನಾಗಿಯೇ ಗುರುತಿಸತೊಡಗಿತು. ಅದೇ ಅಕ್ಟೋಬರಿನಲ್ಲಿ ಜಾವಾ 8ಕ್ಕೂ ಈ ದೃಷ್ಟಿ ಬಂದಿತು. ಇಲ್ಲಿಗೆ ಮುಗಿಯಿತೆಂದುಕೊಂಡರೆ, ಕರ್ನೆಲಿನವರು ಮಿತಿಗಳನ್ನು ಬರೆದಿಡುವ ಕ್ರಮವನ್ನೇ ಬದಲಿಸಿದ್ದರು! ಸಿಗ್ರೂಪಿನ ಈ ಎರಡನೆಯ ಕ್ರಮವನ್ನು 2019ರ ಫೆಡೋರಾ 31, 2021ರ ಡೆಬಿಯನ್ 11 ಮುಂತಾದುವು ಮೂಲ ಏರ್ಪಾಡಾಗಿ ಸ್ವೀಕರಿಸಿದುವು. ಹೊಸ ಗಣಕಗಳಿಗೆ ಸ್ಥಳಾಂತರಿಸಿದ ಹಳೆಯ ಇಮೇಜುಗಳಲ್ಲಿ ಜಾವಾ ಮತ್ತೆ ಕುರುಡಾಯಿತು. 2020ರ ಜಾವಾ 15ಕ್ಕೆ ಹೊಸ ಕ್ರಮ ತಿಳಿದಿತ್ತು. ಬಹುಜನ ಬಳಸುವ 11ಕ್ಕೆ 2022ರ ಜುಲೈಯಲ್ಲೂ, 8ಕ್ಕೆ 2023ರ ಏಪ್ರಿಲಿನಲ್ಲೂ ಅದನ್ನು ಕಲಿಸಿದರು. ಇಮೇಜಿನಲ್ಲಿ ಒಂದು ಅಕ್ಷರವನ್ನೂ ಮುಟ್ಟದೆ, ಗಣಕವನ್ನು ಮಾತ್ರ ಬದಲಿಸಿ, ಇಂಥ ವಿಪತ್ತನ್ನು ತಂದುಕೊಳ್ಳಬಹುದೆಂಬುದು ಮುಚ್ಚಿದ ಪೆಟ್ಟಿಗೆಯನ್ನು ಪೂರ್ತಿ ನೆಚ್ಚಿಕೊಂಡವರಿಗೆ ಅನಿರೀಕ್ಷಿತವಾಗಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಕಂಟೇನರನ್ನು ದೂಷಿಸುತ್ತಿದ್ದೇವೆಂದು ವಾಚಕರು ತಿಳಿಯಬಾರದು. ಹಿಂದೆ ಒಂದು ಗಣಕದಲ್ಲಿ ಪೈಥಾನನ್ನು ಬದಲಿಸಬೇಕಾದರೆ ಅಲ್ಲಿನ ಎಲ್ಲ ಪ್ರೋಗ್ರಾಮುಗಳೂ ಒಂದೇ ದಿನ ಒಪ್ಪಬೇಕಾಗಿತ್ತು. ಈಗ ಹಳೆಯ ಪೆಟ್ಟಿಗೆ ನಡೆಯುತ್ತಿರುವಾಗಲೇ ಅದರ ಪಕ್ಕದಲ್ಲಿ ಹೊಸ ಆವೃತ್ತಿಯ ಪೆಟ್ಟಿಗೆಯನ್ನಿಟ್ಟು, ನೂರರಲ್ಲಿ ಐದು ಕೋರಿಕೆಗಳನ್ನು ಅದಕ್ಕೆ ಕಳುಹಿಸಿ, ಉತ್ತರಗಳು ತಾಳೆಯಾದರೆ ಹತ್ತು, ಐವತ್ತು, ನೂರು ಎಂದು ಏರಿಸುತ್ತ ಹೋಗಬಹುದು. ತಾಳೆಯಾಗದಿದ್ದರೆ ಹಳೆಯ ಪೆಟ್ಟಿಗೆ ಅಲ್ಲೇ ಇದೆ.

ಸಿದ್ಧ ತಳ ಇಮೇಜುಗಳನ್ನು ಕಟ್ಟಿ ಜಗತ್ತಿಗೆ ಒದಗಿಸುವವರ ಕೆಲಸವನ್ನೂ ಇಲ್ಲಿ ನೆನೆಯಬೇಕು. ಆಯುಸ್ಸಿರುವ ಪ್ರತಿಯೊಂದು ಪೈಥಾನಿಗೂ ಒಂದು ಪೂರ್ಣ ಇಮೇಜು, ಒಂದು ಸಣ್ಣದು, ಒಂದು ಆಲ್ಪೈನಿನದು. ಡೆಬಿಯನ್ನಿನ ಎರಡು ಆವೃತ್ತಿಗಳ ಮೇಲೆ. ಪ್ರೊಸೆಸರಿನ ಹಲವು ಜಾತಿಗಳಿಗೆ ಬೇರೆ ಬೇರೆ. ಗುಣಿಸಿದರೆ ಸಂಖ್ಯೆ ಬೇಗನೆ ನೂರನ್ನು ಮುಟ್ಟುತ್ತದೆ. ತಳದಲ್ಲಿ ಒಂದು ದೋಷವನ್ನು ತಿದ್ದಿದಾಗಲೆಲ್ಲ ಇವನ್ನೆಲ್ಲ ಮತ್ತೆ ಕಟ್ಟಬೇಕು. ಆದುದರಿಂದಲೇ ಆಯುಸ್ಸು ತೀರಿದ ಆವೃತ್ತಿಯನ್ನು ಅವರು ಪಟ್ಟಿಯಿಂದ ತೆಗೆದುಹಾಕುತ್ತಾರೆ. ಹಳೆಯ ಇಮೇಜು ಉಗ್ರಾಣದಲ್ಲಿ ಇದ್ದೇ ಇರುತ್ತದೆ, ಕೇಳಿದವರಿಗೆ ದೊರೆಯುತ್ತದೆ; ಅದನ್ನು ಮತ್ತೆ ಕಟ್ಟುವವರು ಮಾತ್ರ ಇರುವುದಿಲ್ಲ.

ಕೆಲವೊಮ್ಮೆ ತೊಡಕು ತೀರ ಕ್ಷುಲ್ಲಕವಾದ ಕಡೆಯಿಂದ ಬರುತ್ತದೆ. 2021ರ ಅಕ್ಟೋಬರಿನಲ್ಲಿ ಪೈಥಾನ್ 3.10 ಬಂದಾಗ ಅನೇಕರು ತಮ್ಮ ಪರೀಕ್ಷೆಯ ಪಟ್ಟಿಗೆ 3.10 ಎಂದು ಸೇರಿಸಿದರು. ಗಣಕವು ತನಗೆ ಪೈಥಾನ್ 3.1 ದೊರೆಯಲಿಲ್ಲವೆಂದು ದೂರಿತು. ಪಟ್ಟಿಯನ್ನು ಓದುವ ಪ್ರೋಗ್ರಾಮು 3.10ನ್ನು ದಶಮಾಂಶ ಸಂಖ್ಯೆಯೆಂದು ತಿಳಿದು, ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ಬಿಟ್ಟುಬಿಟ್ಟಿತ್ತು. ಗಣಿತದಲ್ಲಿ ಅದು ಸರಿಯೇ. ಸಂಖ್ಯೆಯ ಎರಡು ಪಕ್ಕಗಳಲ್ಲಿ ಉದ್ಧರಣ ಚಿಹ್ನೆ ಹಾಕಿ, ಇದು ಸಂಖ್ಯೆಯಲ್ಲ, ಹೆಸರು ಎಂದು ತಿಳಿಸಿದ ಮೇಲೆ ಸರಿಹೋಯಿತು.

ಉತ್ಸಾಹಿಗಳಾದ ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ತಾವೇ ಮಾಡಿನೋಡಬಹುದು. ಡಾಕರ್ ಇರುವ ಒಂದು ಗಣಕದಲ್ಲಿ ಪೈಥಾನ್ 2.7ರ ಇಮೇಜನ್ನೂ, ಆಯುಸ್ಸಿರುವ ಯಾವುದಾದರೂ ಪೈಥಾನ್ 3ರ ಇಮೇಜನ್ನೂ ತಂದು, ಎರಡನ್ನೂ ಅಕ್ಕಪಕ್ಕದಲ್ಲಿ ನಡೆಸಿ. ಹಳೆಯದನ್ನು ಈ ಪ್ರಯೋಗಕ್ಕಲ್ಲದೆ ಬೇರೆ ಕೆಲಸಕ್ಕೆ ಇಟ್ಟುಕೊಳ್ಳಬೇಡಿ. ಎರಡಕ್ಕೂ 7ನ್ನು 2ರಿಂದ ಭಾಗಿಸಲು ಹೇಳಿದರೆ 3 ಮತ್ತು 3.5 ಎಂಬ ಉತ್ತರಗಳು ಬರುತ್ತವೆ. ಅನಂತರ ಎರಡರಲ್ಲಿಯೂ ಕರ್ನೆಲಿನ ಆವೃತ್ತಿ ಯಾವುದೆಂದು ಕೇಳಿ. ಈ ಸಲ ಎರಡು ಪೆಟ್ಟಿಗೆಗಳೂ ಒಂದೇ ಉತ್ತರವನ್ನು ಕೊಡುತ್ತವೆ. ನಿಮ್ಮ ಗಣಕದಲ್ಲಿರುವುದು ವಿಂಡೋಸ್ ಆಗಿದ್ದರೆ, ಡಾಕರು ಮರೆಯಲ್ಲಿ ಒಂದು ಲಿನಕ್ಸನ್ನು ನಡೆಸುತ್ತಿರುತ್ತದೆ. ಆಗ ಕಾಣುವ ಸಂಖ್ಯೆ ಆ ಲಿನಕ್ಸಿನ ಕರ್ನೆಲಿನದು.